ಅಮೆರಿಕಾದಲ್ಲಿ ಏನು ನೋಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಮನೆಗೆಂದು ಅಮೆರಿಕಾಕ್ಕೆ ಹೊರಟ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಇವು. ಅವರನ್ನು ಸುತ್ತಾಡಿಸಲು ರಜೆ ಹಾಕಿ ಕೂತ ಮಕ್ಕಳು ಕೇಳುವುದೂ ಇವನ್ನೇ. ಪ್ರಸಿದ್ಧ ಜಾಗಗಳೆಲ್ಲ ಇಲ್ಲಿಲ್ಲ. ಫೋಟೋದಲ್ಲಿ ನೋಡಿದರೂ ನಡೆಯುತ್ತದೆ ಅನ್ನಿಸಿದ್ದನ್ನು ಬೇಗ ಮುಗಿಸಿದ್ದೇನೆ. ಅಲ್ಲಿಗೇ ಹೋಗಿ ನಿಲ್ಲಬೇಕು ಅನ್ನಿಸಿದ್ದರ ಬಗ್ಗೆ ಸ್ವಲ್ಪ ಜಾಸ್ತಿ ಬರೆದಿದ್ದೇನೆ.

ಒಂದೇ ಸಲಕ್ಕೆ ಎಲ್ಲಾ ಮುಗಿಸಬಹುದಾ?

ಆಗುವುದಿಲ್ಲ, ಆ ಆಸೆ ಬಿಟ್ಟುಬಿಡಿ. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲೇ ಆರು ಗಂಟೆ ಹಿಡಿಯುತ್ತದೆ. ಗಡಿಯಾರವನ್ನು ಮೂರು ಗಂಟೆ ಹಿಂದಕ್ಕೂ ತಿರುಗಿಸಬೇಕು. ಒಂದು ಪ್ರವಾಸಕ್ಕೆ ಒಂದು ದಿಕ್ಕು ಆರಿಸಿಕೊಳ್ಳಿ. ಪೂರ್ವಕ್ಕೆ ಹೋದರೆ ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರ. ಪಶ್ಚಿಮಕ್ಕೆ ಹೋದರೆ ಸ್ಯಾನ್ ಫ್ರಾನ್ಸಿಸ್ಕೋ, ಯೊಸೆಮಿಟಿ ರಾಷ್ಟ್ರೀಯ ಉದ್ಯಾನ, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ. ಯೆಲ್ಲೋಸ್ಟೋನ್ ಉದ್ಯಾನ ಇವೆರಡರ ನಡುವೆ ಎಲ್ಲೋ ದೂರದಲ್ಲಿದೆ, ಅದಕ್ಕೆ ಪ್ರತ್ಯೇಕ ಪ್ರವಾಸವೇ ಬೇಕು.

ಯೋಜನೆ ಹಾಕುವಾಗ ನಾನು ಪಾಲಿಸುವ ಲೆಕ್ಕ ಸರಳ. ಮನುಷ್ಯ ಕಟ್ಟಿದ್ದಕ್ಕೆ ಅರ್ಧ ದಿನ ಸಾಕು. ನೀರು, ಗಾಳಿ, ಬೆಂಕಿ ಕಟ್ಟಿದ್ದಕ್ಕೆ ಕನಿಷ್ಠ ಒಂದು ರಾತ್ರಿ ಅಲ್ಲೇ ಉಳಿಯಬೇಕು. ಏಳು ದಿನಕ್ಕೆ ಹತ್ತು ಊರು ತೋರಿಸುವ ಬಸ್ ಪ್ಯಾಕೇಜುಗಳಲ್ಲಿ ಈ ಎರಡನೆಯದೇ ತಪ್ಪಿಹೋಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಇಳಿಸುತ್ತಾರೆ, ಇಪ್ಪತ್ತು ನಿಮಿಷಕ್ಕೆ ಹಾರ್ನ್ ಹೊಡೆಯುತ್ತಾರೆ.

ಯಾವ ತಿಂಗಳು ಒಳ್ಳೆಯದು?

ಎಲ್ಲಾ ಕಡೆಗೂ ಒಂದೇ ತಿಂಗಳು ಹೇಳಬೇಕಾದರೆ ಸೆಪ್ಟೆಂಬರ್. ಶಾಲೆಗಳು ಶುರುವಾಗಿರುತ್ತವೆ, ಜನ ಕಡಿಮೆ, ಚಳಿ ಇನ್ನೂ ಬಿದ್ದಿರುವುದಿಲ್ಲ. ವಾಷಿಂಗ್ಟನ್ನಿನ ಚೆರ್ರಿ ಹೂವು ನೋಡಬೇಕೆಂದರೆ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರ. ಅವು 1912ರಲ್ಲಿ ಟೋಕಿಯೋ ನಗರ ಕಳಿಸಿದ ಗಿಡಗಳ ಸಂತತಿ. ಯೊಸೆಮಿಟಿ ಜಲಪಾತ ಮೇ, ಜೂನ್‌ನಲ್ಲಿ ತುಂಬಿರುತ್ತದೆ, ಆಗಸ್ಟ್ ಹೊತ್ತಿಗೆ ಬರೀ ಬಂಡೆ ಕಾಣುವುದೂ ಉಂಟು. ಯೆಲ್ಲೋಸ್ಟೋನಿನ ಹೆಚ್ಚಿನ ರಸ್ತೆಗಳನ್ನು ನವೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಕಾರುಗಳಿಗೆ ಮುಚ್ಚುತ್ತಾರೆ.

ಲಿಬರ್ಟಿ ಪ್ರತಿಮೆಯ ಒಳಗೆ ಹತ್ತಬಹುದಾ?

ಹತ್ತಬಹುದು. ಕಿರೀಟದವರೆಗೆ ಹೋಗುವ ಟಿಕೆಟ್ ಬೇರೆ, ಅದನ್ನು ಬಹಳ ಮುಂಚೆಯೇ ಬುಕ್ ಮಾಡಬೇಕು. ಪೀಠದವರೆಗೆ ಲಿಫ್ಟ್ ಇದೆ. ಅಲ್ಲಿಂದ ಮೇಲೆ 162 ಮೆಟ್ಟಿಲು, ಇಕ್ಕಟ್ಟಾದ ಸುರುಳಿ ಏಣಿ. ಮಂಡಿ ನೋವಿರುವವರಿಗೆ, ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರಿಗೆ ಬೇಡ. ಕೈಯಲ್ಲಿರುವ ಪಂಜಿನೊಳಗೆ 1916ರಿಂದ ಜನರನ್ನು ಬಿಡುತ್ತಿಲ್ಲ. ಆ ವರ್ಷ ಹತ್ತಿರದ ಮದ್ದುಗುಂಡಿನ ದಾಸ್ತಾನು ಸಿಡಿದು ಪ್ರತಿಮೆಯ ತೋಳಿಗೆ ಪೆಟ್ಟಾಗಿತ್ತು.

ಒಳಗೆ ಹೋಗುವವರು ಪ್ರತಿಮೆಯ ಒಳಮೈಯನ್ನು ನೋಡಲು ಮರೆಯಬಾರದು. ಹೊರಗೆ ಕಾಣುವ ತಾಮ್ರದ ಹೊದಿಕೆಯ ದಪ್ಪ 2.4 ಮಿಲಿಮೀಟರ್ ಮಾತ್ರ. ಅಷ್ಟು ತೆಳ್ಳಗಿನ ತಗಡನ್ನು ಎತ್ತಿ ಹಿಡಿದಿರುವುದು ಒಳಗಿನ ಕಬ್ಬಿಣದ ಚೌಕಟ್ಟು. ಪ್ಯಾರಿಸ್‌ನ ಗೋಪುರ ಕಟ್ಟಿದ ಐಫೆಲ್ ಅವರೇ ಅದನ್ನು ರೂಪಿಸಿದ್ದು. ಪ್ರತಿಮೆಯ ರೂಪ ಫ್ರಾನ್ಸಿನ ಶಿಲ್ಪಿ ಬಾರ್ತೋಲ್ಡಿ ಅವರದು. 1886ರಲ್ಲಿ ಉದ್ಘಾಟನೆಯಾದಾಗ ಮೈಯೆಲ್ಲ ತಾಮ್ರದ ಕಂದು ಬಣ್ಣ ಇತ್ತು. ಈಗ ಕಾಣುವ ಹಸಿರು ಸಮುದ್ರದ ಗಾಳಿ ಕೊಟ್ಟಿದ್ದು.

ದೂರದಿಂದ ನೋಡಿದರೆ ಸಾಕು ಅನ್ನುವವರಿಗೆ ಸ್ಟೇಟನ್ ಐಲೆಂಡ್ ಫೆರ್ರಿ ಇದೆ. ಊರಿನವರು ಕೆಲಸಕ್ಕೆ ಓಡಾಡುವ ದೋಣಿ ಅದು, ಪೂರ್ತಿ ಉಚಿತ, ಪ್ರತಿಮೆಯನ್ನು ನೋಡುತ್ತಲೇ ಹಾದುಹೋಗಬಹುದು.

ಲಿಬರ್ಟಿ ಪ್ರತಿಮೆಯ ದೋಣಿ ಟಿಕೆಟ್ಟಿನಲ್ಲೇ ಎಲ್ಲಿಸ್ ಐಲೆಂಡ್ ಅಂತಲೂ ಇದೆ. ಇಳಿಯಬೇಕಾ?

ಖಂಡಿತ ಇಳಿಯಿರಿ. ತುಂಬಾ ಜನ ಪ್ರತಿಮೆ ನೋಡಿದ ಮೇಲೆ ಸುಸ್ತಾಗಿ ದೋಣಿಯಲ್ಲೇ ಕೂತುಬಿಡುತ್ತಾರೆ. ನನ್ನ ಪಾಲಿಗೆ ನ್ಯೂಯಾರ್ಕಿನ ಅತಿ ಮುಖ್ಯ ಜಾಗ ಇದೇ.

1892ರಿಂದ 1954ರವರೆಗೆ ಸುಮಾರು 1 ಕೋಟಿ 20 ಲಕ್ಷ ವಲಸಿಗರು ಈ ದ್ವೀಪದ ಮೂಲಕ ಅಮೆರಿಕಾಕ್ಕೆ ಬಂದರು. ಮೊದಲನೇ, ಎರಡನೇ ದರ್ಜೆಯ ಪ್ರಯಾಣಿಕರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಕೆಳಗಿನ ದರ್ಜೆಯಲ್ಲಿ ತುಂಬಿಕೊಂಡು ಬಂದ ಬಡವರನ್ನು ಮಾತ್ರ ಇಲ್ಲಿ ಇಳಿಸುತ್ತಿದ್ದರು. ಗಂಟುಮೂಟೆ ಕೆಳಗಿಟ್ಟು ದೊಡ್ಡ ಸಭಾಂಗಣಕ್ಕೆ ಮೆಟ್ಟಿಲು ಹತ್ತಬೇಕಿತ್ತು. ಮೇಲೆ ನಿಂತ ವೈದ್ಯರ ಪರೀಕ್ಷೆ ಅಲ್ಲೇ ಶುರುವಾಗುತ್ತಿತ್ತು. ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ ಅಂತ ನೋಡುತ್ತಿದ್ದರು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ ಬರೆಯುತ್ತಿದ್ದರು. ಹೃದಯದ ತೊಂದರೆಗೆ ಒಂದು ಅಕ್ಷರ, ಕಣ್ಣಿಗೆ ಇನ್ನೊಂದು. ಕಣ್ಣಿನ ರೋಗ ನೋಡಲು ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆ ಮಗುಚುತ್ತಿದ್ದರು.

ಹೆಚ್ಚಿನವರು ಕೆಲವೇ ಗಂಟೆಗಳಲ್ಲಿ ಹೊರಗೆ ಹೋದರು. ವಾಪಸ್ ಕಳಿಸಿದ್ದು ನೂರಕ್ಕೆ ಇಬ್ಬರನ್ನು. ಆದರೆ ಆ ಇಬ್ಬರಲ್ಲಿ ಒಬ್ಬಳು ಯಾರದೋ ಅಜ್ಜಿ ಆಗಿರುತ್ತಿದ್ದಳು, ಮನೆಯವರೆಲ್ಲ ಅವಳನ್ನು ಬಿಟ್ಟು ಮುಂದೆ ಹೋಗಬೇಕಾ, ಜೊತೆಗೆ ಹಿಂದಿರುಗಬೇಕಾ ಅಂತ ಅಲ್ಲೇ ತೀರ್ಮಾನಿಸಬೇಕಿತ್ತು. ಮಕ್ಕಳು ಪರದೇಶದಲ್ಲಿರುವ ನಮ್ಮಂಥವರಿಗೆ ಆ ಸಭಾಂಗಣದ ಬೆಂಚಿನ ಮೇಲೆ ಕೂತಾಗ ಏನನ್ನಿಸುತ್ತದೆ ಅನ್ನುವುದನ್ನು ವಿವರಿಸಬೇಕಿಲ್ಲ. ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ.

ನ್ಯೂಯಾರ್ಕಿನಲ್ಲಿ ಇನ್ನೇನಿದೆ?

ಬ್ರೂಕ್ಲಿನ್ ಸೇತುವೆಯ ಮೇಲೆ ನಡೆಯಿರಿ, ದುಡ್ಡು ಕೊಡಬೇಕಿಲ್ಲ. 1883ರ ಸೇತುವೆ. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಹೆಂಡತಿ ಎಮಿಲಿ ವರ್ಷಗಟ್ಟಲೆ ಕೆಲಸದ ಉಸ್ತುವಾರಿ ನೋಡಿಕೊಂಡರು. ಅವಳಿ ಗೋಪುರಗಳಿದ್ದ ಜಾಗದ ಸ್ಮಾರಕವೂ ಉಚಿತ, ಮ್ಯೂಸಿಯಂಗೆ ಮಾತ್ರ ಟಿಕೆಟ್. ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೋಗುವುದಾದರೆ 86ನೇ ಮಹಡಿ ಸಾಕು, ಅದಕ್ಕಿಂತ ಮೇಲಿನ ಟಿಕೆಟ್ ಬೇಡ. ಟೈಮ್ಸ್ ಸ್ಕ್ವೇರ್‌ಗೆ ರಾತ್ರಿ ಹೊತ್ತು ಅರ್ಧ ಗಂಟೆ ಕೊಡಿ.

ವಾಷಿಂಗ್ಟನ್‌ಗೆ ಯಾಕೆ ಹೋಗಬೇಕು? ಸರ್ಕಾರಿ ಕಟ್ಟಡಗಳೇ ತಾನೇ?

ಅಷ್ಟೇ ಅಲ್ಲ. ಮೊದಲನೆಯದಾಗಿ ಸ್ಮಿತ್ಸೋನಿಯನ್ ಮ್ಯೂಸಿಯಂಗಳಿಗೆ ಇಲ್ಲಿ ಟಿಕೆಟ್ ದುಡ್ಡಿಲ್ಲ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನವನ್ನು ಕಣ್ಣಾರೆ ನೋಡಬಹುದು. ವಿಮಾನ ಮತ್ತು ಬಾಹ್ಯಾಕಾಶ ಮ್ಯೂಸಿಯಂಗೆ ಉಚಿತ ಪಾಸನ್ನು ಸಮಯ ಹಾಕಿ ಮುಂಚೆಯೇ ತೆಗೆದುಕೊಳ್ಳಬೇಕು.

ಲಿಂಕನ್ ಸ್ಮಾರಕಕ್ಕೆ ಸಂಜೆ ಹೋಗಿ. ರಾತ್ರಿಯಿಡೀ ತೆರೆದಿರುತ್ತದೆ. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ಜಾಗವನ್ನು ಮೆಟ್ಟಿಲಿನ ಮೇಲೆ ಕೆತ್ತಿ ಗುರುತು ಮಾಡಿದ್ದಾರೆ. ಸುಮ್ನೆ ಹತ್ತಿಹೋದರೆ ಕಣ್ಣಿಗೆ ಬೀಳುವುದಿಲ್ಲ, ಹುಡುಕಿ ನೋಡಿ.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ವಿಯೆಟ್ನಾಂ ಯುದ್ಧದ ಸ್ಮಾರಕದ ಗೋಡೆ. ಕನ್ನಡಿಗರು ಇದನ್ನು ತಪ್ಪಿಸಬಾರದು, ಯಾಕೆಂದರೆ ಆ ಗೋಡೆಯ ಕಪ್ಪು ಗ್ರಾನೈಟ್ ಹೋಗಿರುವುದು ಬೆಂಗಳೂರಿನ ಕಡೆಯಿಂದ. ವಿನ್ಯಾಸ ಮಾಡಿದ ಮಾಯಾ ಲಿನ್ ಆಗ 21 ವರ್ಷದ ಕಾಲೇಜು ವಿದ್ಯಾರ್ಥಿನಿ. ಮುಖ ಕಾಣುವಷ್ಟು ಹೊಳಪು ಬರುವ ಕಲ್ಲು ಬೇಕಿತ್ತು, ಅದು ನಮ್ಮಲ್ಲಿ ಸಿಕ್ಕಿತು. 1982ರಲ್ಲಿ ಗೋಡೆ ಸಿದ್ಧವಾಯಿತು. ಸತ್ತವರ, ಕಾಣೆಯಾದವರ 58,000ಕ್ಕೂ ಜಾಸ್ತಿ ಹೆಸರುಗಳಿವೆ. ಅಕಾರಾದಿಯಾಗಿ ಇಲ್ಲ, ದೊಡ್ಡ ಹುದ್ದೆಯವರು ಮೊದಲು ಅಂತಲೂ ಇಲ್ಲ. ಯಾರು ಯಾವ ದಿನ ಹೋದರೋ ಆ ಕ್ರಮದಲ್ಲಿ ಬರೆದಿದ್ದಾರೆ, ಒಟ್ಟಿಗೆ ಸತ್ತ ಗೆಳೆಯರ ಹೆಸರು ಅಕ್ಕಪಕ್ಕದಲ್ಲೇ ಇರುತ್ತದೆ. ದಾರಿ ನಿಧಾನವಾಗಿ ಇಳಿಯುತ್ತಾ ಹೋದಂತೆ ಗೋಡೆ ನಿಮಗಿಂತ ಎತ್ತರವಾಗುತ್ತದೆ. ಹೆಸರುಗಳ ನಡುವೆ ನಿಮ್ಮದೇ ಮುಖ ಕಾಣುತ್ತದೆ. ಮನೆಯವರು ಬಂದು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಜೋರಾಗಿ ಮಾತಾಡಬೇಡಿ, ಸೆಲ್ಫಿ ಬೇಡ.

ನಯಾಗರ ನಮ್ಮ ಜೋಗಕ್ಕಿಂತ ದೊಡ್ಡದಾ?

ಎತ್ತರದಲ್ಲಿ ಜೋಗವೇ ದೊಡ್ಡದು. ಜೋಗ 253 ಮೀಟರ್, ನಯಾಗರದ ಕುದುರೆಲಾಳದ ಆಕಾರದ ದೊಡ್ಡ ಜಲಪಾತ ಸುಮಾರು 57 ಮೀಟರ್. ಆದರೆ ನೀರಿನ ಪ್ರಮಾಣ ನೋಡಿದರೆ ನಯಾಗರ ಬೇರೆಯದೇ ಲೋಕ. ಅರ್ಧ ಕಿಲೋಮೀಟರಿಗೂ ಜಾಸ್ತಿ ಅಗಲದ ಅಂಚಿನಿಂದ ಬೇಸಿಗೆಯ ಹಗಲಲ್ಲಿ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್ ಬೀಳುತ್ತದೆ.

ಜೋಗದ ಹಾಗೆ ಇಲ್ಲಿಯೂ ನದಿಯ ನೀರು ವಿದ್ಯುತ್ತಿಗೆ ಹೋಗುತ್ತದೆ. ಅಮೆರಿಕಾ ಮತ್ತು ಕೆನಡಾ 1950ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಹಗಲು ಹೊತ್ತು ಇಷ್ಟು ನೀರು ಬಿಡಲೇಬೇಕು, ರಾತ್ರಿ ಮತ್ತು ಚಳಿಗಾಲದಲ್ಲಿ ಅದರ ಅರ್ಧಕ್ಕೆ ಇಳಿಸಬಹುದು. ಲಿಂಗನಮಕ್ಕಿ ಕಟ್ಟಿದ ಮೇಲೆ ಬೇಸಿಗೆಯ ಜೋಗ ನೋಡಿ ಬೇಜಾರಾದವರಿಗೆ ಈ ಏರ್ಪಾಡು ಎಷ್ಟು ಒಳ್ಳೆಯದು ಅಂತ ತಕ್ಷಣ ಗೊತ್ತಾಗುತ್ತದೆ. ನಮ್ಮಲ್ಲೂ ಇಂಥದ್ದು ಬೇಕು ಅಂತ ನನಗೆ ಬಹಳ ಆಸೆ.

ಕೆನಡಾ ಕಡೆಯಿಂದ ಚೆನ್ನಾಗಿ ಕಾಣುತ್ತದಂತೆ, ನಿಜವಾ?

ಪೂರ್ತಿ ನೋಟ ಆ ಕಡೆಯಿಂದ ಚೆನ್ನ, ನಿಜ. ಆದರೆ ಭಾರತದ ಪಾಸ್‌ಪೋರ್ಟಿನಲ್ಲಿ, ಅಮೆರಿಕಾದ ಪ್ರವಾಸಿ ವೀಸಾದಲ್ಲಿ ಬಂದವರು ಕೆನಡಾದ ವೀಸಾ ಬೇರೆ ಮಾಡಿಸಿರಬೇಕು. ಇಲ್ಲದಿದ್ದರೆ ಚಿಂತೆ ಬೇಡ. ನೀರಿನ ಹತ್ತಿರ ಹೋಗಲು ಅಮೆರಿಕಾ ಕಡೆಯೇ ಮೇಲು. ಗೋಟ್ ಐಲೆಂಡಿನ ಟೆರಾಪಿನ್ ಪಾಯಿಂಟಿನಲ್ಲಿ ನಿಂತರೆ ಹಸಿರು ನೀರು ಅಂಚು ದಾಟಿ ಬಗ್ಗುವುದು ಪಕ್ಕದಲ್ಲೇ ಕಾಣುತ್ತದೆ. ಕೇವ್ ಆಫ್ ದ ವಿಂಡ್ಸ್ ಅನ್ನುವ ಕಡೆ ಮರದ ಅಟ್ಟಣೆಗಳ ಮೇಲೆ ಜಲಪಾತದ ಬುಡಕ್ಕೇ ಹೋಗಬಹುದು. ಚಳಿಗಾಲದ ಮಂಜುಗಡ್ಡೆ ಮುರಿದುಹಾಕುತ್ತದೆ ಅಂತ ಆ ಅಟ್ಟಣೆಗಳನ್ನು ಪ್ರತಿ ವರ್ಷ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಮೇಡ್ ಆಫ್ ದ ಮಿಸ್ಟ್ ದೋಣಿ 1846ರಿಂದ ಇದೆ. ಪ್ಲಾಸ್ಟಿಕ್ ಕೋಟು ಅವರೇ ಕೊಡುತ್ತಾರೆ, ಆದರೂ ಒದ್ದೆಯಾಗುತ್ತೀರಿ. ಒಂದು ಜೊತೆ ಬಟ್ಟೆ ಕಾರಿನಲ್ಲಿರಲಿ.

ಲಾಸ್ ವೇಗಾಸ್‌ನಿಂದ ಒಂದೇ ದಿನದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಬರಬಹುದಾ?

ಇಲ್ಲಿ ಹುಷಾರಾಗಿರಿ. ಒಂದು ದಿನದ ಪ್ರವಾಸಗಳಲ್ಲಿ ತುಂಬಾ ಕಡೆ ತೋರಿಸುವುದು ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್. ಗಾಜಿನ ಸ್ಕೈವಾಕ್ ಇರುವುದು ಅಲ್ಲೇ. ಅದು ಹುವಾಲಪೈ ಮೂಲನಿವಾಸಿಗಳ ಜಾಗ, ರಾಷ್ಟ್ರೀಯ ಉದ್ಯಾನದ ಪಾಸ್ ಅಲ್ಲಿ ನಡೆಯುವುದಿಲ್ಲ. ನೀವು ಫೋಟೋಗಳಲ್ಲಿ ನೋಡಿರುವ ವಿಶಾಲವಾದ ನೋಟ ಇರುವುದು ಸೌತ್ ರಿಮ್‌ನಲ್ಲಿ, ಅಂದರೆ ಕಣಿವೆಯ ದಕ್ಷಿಣದ ಅಂಚಿನಲ್ಲಿ. ವೇಗಾಸ್‌ನಿಂದ ಅಲ್ಲಿಗೆ ನಾಲ್ಕೂವರೆ ಗಂಟೆ ಡ್ರೈವ್. ಹೋಗಿ ಬಂದರೆ ಒಂಬತ್ತು ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ. ರಾತ್ರಿ ಅಲ್ಲೇ ಉಳಿಯಿರಿ.

ನಾರ್ತ್ ರಿಮ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಅಲ್ಲಿನ ಹಳೆಯ ವಸತಿಗೃಹವೂ ಸುಟ್ಟುಹೋಯಿತು.

ಒಂದು ರಾತ್ರಿ ಉಳಿದರೆ ಏನು ಲಾಭ?

ಬೆಳಕು. ನಡು ಮಧ್ಯಾಹ್ನ ಕಣಿವೆ ಚಪ್ಪಟೆಯಾಗಿ, ಪರದೆಯ ಮೇಲೆ ಬರೆದ ಚಿತ್ರದಂತೆ ಕಾಣುತ್ತದೆ. ಸೂರ್ಯ ಇಳಿಯುವಾಗ ಒಂದೊಂದು ಗುಡ್ಡದ ನೆರಳೂ ಪಕ್ಕದ ಗುಡ್ಡದ ಮೇಲೆ ಬೀಳಲು ಶುರುವಾಗುತ್ತದೆ. ಆಗಲೇ ಆಳ ಕಣ್ಣಿಗೆ ಗೊತ್ತಾಗುವುದು. ಆಳ ಸುಮಾರು 1.6 ಕಿಲೋಮೀಟರ್, ಅಗಲ ಕೆಲವು ಕಡೆ 29 ಕಿಲೋಮೀಟರ್, ಉದ್ದ 446 ಕಿಲೋಮೀಟರ್. ಇಷ್ಟನ್ನೂ ಕೊರೆದ ಕೊಲೊರಾಡೋ ನದಿ ಮೇಲಿನಿಂದ ಅಲ್ಲಲ್ಲಿ ಒಂದು ಎಳೆಯ ಹಾಗೆ ಕಾಣುತ್ತದೆ. ಸಂಜೆಗೆ ಹೋಪಿ ಪಾಯಿಂಟ್, ಬೆಳಗ್ಗೆಗೆ ಮೇದರ್ ಪಾಯಿಂಟ್ ನನ್ನ ಆಯ್ಕೆ.

ಅಪ್ಪ ಅಮ್ಮನಿಗೆ ಅಲ್ಲಿ ನಡೆಯಲು ಆಗುತ್ತದಾ?

ಅಂಚಿನ ಮೇಲೆ ಆಗುತ್ತದೆ. ಸಮತಟ್ಟಾದ ಡಾಂಬರು ದಾರಿ ಇದೆ, ಉಚಿತ ಬಸ್ಸುಗಳಿವೆ. 2,100 ಮೀಟರ್ ಎತ್ತರದ ಜಾಗ, ಬೇಗ ಏದುಸಿರು ಬರುತ್ತದೆ. ನಿಧಾನವಾಗಿ ನಡೆಯಿರಿ, ನೀರು ಕುಡಿಯುತ್ತಿರಿ.

ಆ ದಾರಿಯಲ್ಲೇ ಟ್ರೇಲ್ ಆಫ್ ಟೈಮ್ ಅನ್ನುವ ಭಾಗ ಇದೆ. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದೆ ಹೋದ ಲೆಕ್ಕ. ಕಣಿವೆಯ ಒಂದೊಂದು ಪದರದ ಕಲ್ಲನ್ನೂ ಅದರದರ ವಯಸ್ಸಿನ ಜಾಗದಲ್ಲಿ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಮನುಷ್ಯರ ಚರಿತ್ರೆಯೆಲ್ಲ ಮೊದಲ ಹೆಜ್ಜೆಯೊಳಗೇ ಮುಗಿದುಹೋಗುತ್ತದೆ. ಒಂದೂವರೆ ಕಿಲೋಮೀಟರ್ ದಾಟಿದ ಮೇಲೆ ತಳದ ಕಪ್ಪು ಕಲ್ಲು ಸಿಗುತ್ತದೆ. ಅದರ ಹೆಸರು ವಿಷ್ಣು ಶಿಸ್ಟ್, ವಯಸ್ಸು ಸುಮಾರು 170 ಕೋಟಿ ವರ್ಷ. 19ನೇ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಇಲ್ಲಿನ ಶಿಖರಗಳಿಗೆ ದೇವರ ಹೆಸರುಗಳನ್ನು ಇಟ್ಟರು. ಹಾಗಾಗಿ ನಕ್ಷೆಯಲ್ಲಿ ವಿಷ್ಣು ಟೆಂಪಲ್, ಶಿವ ಟೆಂಪಲ್ ಕಾಣುತ್ತವೆ. ಗುಡಿಗಳೇನೂ ಇಲ್ಲ, ಬಂಡೆಯ ಶಿಖರಗಳು ಅಷ್ಟೇ.

ಕಣಿವೆಯೊಳಗೆ ಇಳಿಯುವ ದಾರಿಗಳು ಬೇರೆಯೇ ವಿಷಯ. ಇಳಿಯುವುದು ಸುಲಭ, ಹತ್ತುವುದು ಕಷ್ಟ. ಬೇಸಿಗೆಯಲ್ಲಿ ತಳದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನದಿಯವರೆಗೆ ಹೋಗಿ ಅದೇ ದಿನ ವಾಪಸ್ ಬರುವ ಪ್ರಯತ್ನ ಯುವಕರೂ ಮಾಡಬಾರದು.

ಯೆಲ್ಲೋಸ್ಟೋನ್ ಅಷ್ಟು ದೂರ ಹೋಗುವಷ್ಟು ಚೆನ್ನಾಗಿದೆಯಾ?

ಹೌದು. ಸಮಯ, ದುಡ್ಡು ಎರಡೂ ಇದ್ದು ಒಂದೇ ಜಾಗ ಆರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ. 1872ರಲ್ಲಿ ಆದ ಮೊದಲ ರಾಷ್ಟ್ರೀಯ ಉದ್ಯಾನ. ಕೆಳಗೆ ಜ್ವಾಲಾಮುಖಿ ಇದೆ, ಮೇಲೆ ನೆಲ ಕುದಿಯುತ್ತಿರುತ್ತದೆ. ಪ್ರಪಂಚದ ಚಿಮ್ಮುವ ಬಿಸಿನೀರಿನ ಬುಗ್ಗೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿವೆ. ಓಲ್ಡ್ ಫೇಯ್ತ್‌ಫುಲ್ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ, ಮುಂದಿನ ಸಮಯವನ್ನು ಫಲಕದಲ್ಲಿ ಹಾಕಿರುತ್ತಾರೆ.

ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಕೊಳದ ಅಂಚಿನ ಹಳದಿ, ಕಿತ್ತಳೆ ಬಣ್ಣ ಬಿಸಿ ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳದ್ದು. 1960ರ ದಶಕದಲ್ಲಿ ವಿಜ್ಞಾನಿ ಥಾಮಸ್ ಬ್ರಾಕ್ ಈ ಉದ್ಯಾನದ ಬುಗ್ಗೆಯಲ್ಲೇ ಅಂಥ ಒಂದು ಬ್ಯಾಕ್ಟೀರಿಯಾ ಕಂಡುಹಿಡಿದರು. ಅದರಿಂದ ತೆಗೆದ ಕಿಣ್ವ ಪಿಸಿಆರ್ ಪರೀಕ್ಷೆಗೆ ದಾರಿ ಮಾಡಿಕೊಟ್ಟಿತು. ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗು ಒಡ್ಡಿದ ಪರೀಕ್ಷೆಯ ಬೇರು ಇಲ್ಲಿದೆ.

ಹಲಗೆ ದಾರಿ ಬಿಟ್ಟು ಕೆಳಗೆ ಕಾಲಿಡಬೇಡಿ. ಗಟ್ಟಿ ನೆಲದಂತೆ ಕಾಣುವುದು ತೆಳ್ಳಗಿನ ಹೊಪ್ಪಳೆ, ಅಡಿಯಲ್ಲಿ ಕುದಿಯುವ ನೀರು. ಕಾಡೆಮ್ಮೆಯಂತೆ ಕಾಣುವ ಬೈಸನ್‌ಗಳು ರಸ್ತೆಗೇ ಬರುತ್ತವೆ. ಕನಿಷ್ಠ 23 ಮೀಟರ್ ದೂರ ಇರಬೇಕು, ಕರಡಿ, ತೋಳಗಳಿಂದ 91 ಮೀಟರ್. ಕನಿಷ್ಠ ಮೂರು ದಿನ ಇಟ್ಟುಕೊಳ್ಳಿ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಯಾವಾಗಲೂ ಮಂಜಿನಲ್ಲಿ ಮುಚ್ಚಿರುತ್ತದಾ?

ಜೂನ್‌ನಿಂದ ಆಗಸ್ಟ್‌ವರೆಗೆ ಜಾಸ್ತಿ. ಬೇಸಿಗೆ ಅಂತ ಟೀ ಶರ್ಟಿನಲ್ಲಿ ಬಂದು ನಡುಗುವವರೇ ಹೆಚ್ಚು, ಸ್ವೆಟರ್ ಇರಲಿ. ಸೇತುವೆಯನ್ನು ಕಾರಿನಿಂದ ನೋಡಿ ಸುಮ್ಮನಾಗಬೇಡಿ, ಸ್ವಲ್ಪ ದೂರವಾದರೂ ನಡೆಯಿರಿ. ಕಾಲ ಕೆಳಗೆ ಅದು ಅದುರುವುದು ಗೊತ್ತಾಗುತ್ತದೆ. ಒಂದೊಂದು ದಪ್ಪ ಕೇಬಲ್ಲಿನೊಳಗೂ 27,572 ತಂತಿಗಳಿವೆ. 1937ರಲ್ಲಿ ತೆರೆದಾಗ ಪ್ರಪಂಚದ ಅತಿ ಉದ್ದದ ತೂಗುಸೇತುವೆ ಇದು. ಕಟ್ಟುವಾಗ ಕೆಳಗೆ ಕಟ್ಟಿದ್ದ ಬಲೆ 19 ಕೆಲಸಗಾರರ ಜೀವ ಉಳಿಸಿತು.

ಹತ್ತಿರದ ಆಲ್ಕಟ್ರಾಜ್ ದ್ವೀಪದ ಹಳೆಯ ಜೈಲಿಗೆ ಎಲ್ಲರೂ ಹೋಗುತ್ತಾರೆ. ಅದೇ ಕೊಲ್ಲಿಯ ಏಂಜೆಲ್ ಐಲೆಂಡನ್ನು ಕೇಳುವವರು ಕಡಿಮೆ. 1910ರಿಂದ 1940ರವರೆಗೆ ಏಷ್ಯಾದಿಂದ ಬಂದವರನ್ನು, ಅವರಲ್ಲಿ ಪಂಜಾಬಿನ ರೈತರನ್ನೂ, ತಡೆದು ವಿಚಾರಿಸುತ್ತಿದ್ದುದು ಅಲ್ಲಿ. ಎಲ್ಲಿಸ್ ಐಲೆಂಡ್ ನೋಡಿದವರು ಇದನ್ನೂ ನೋಡಬೇಕು.

ಮೌಂಟ್ ರಶ್ಮೋರ್?

ಯೆಲ್ಲೋಸ್ಟೋನ್ ಕಡೆಗೆ ರಸ್ತೆಯಲ್ಲಿ ಹೋಗುತ್ತಿದ್ದರೆ ನಿಲ್ಲಿಸಿ. ಅದಕ್ಕಾಗಿಯೇ ವಿಮಾನ ಹತ್ತಬೇಡಿ. ನಾಲ್ವರು ಅಧ್ಯಕ್ಷರ 60 ಅಡಿ ಎತ್ತರದ ಮುಖಗಳು, 1927ರಿಂದ 1941ರವರೆಗೆ ಹೆಚ್ಚಾಗಿ ಡೈನಮೈಟ್ ಇಟ್ಟು ಕೆತ್ತಿದ್ದು. ಆ ಬೆಟ್ಟಗಳು ಲಕೋಟಾ ಮೂಲನಿವಾಸಿಗಳಿಗೆ ಪವಿತ್ರ. 1868ರ ಒಪ್ಪಂದದಲ್ಲಿ ಅವರಿಗೇ ಬಿಟ್ಟುಕೊಟ್ಟು ಆಮೇಲೆ ಕಿತ್ತುಕೊಂಡರು. 1980ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಬೇಕೆಂದಿತು, ಅವರು ಇಂದಿಗೂ ಆ ಹಣ ಮುಟ್ಟಿಲ್ಲ, ನೆಲವೇ ಬೇಕು ಅನ್ನುತ್ತಾರೆ. ಇದನ್ನು ತಿಳಿದೇ ಆ ಮುಖಗಳನ್ನು ನೋಡಬೇಕು.

ಹಾಲಿವುಡ್ ಫಲಕ ನೋಡಲು ಎಲ್ಲಿ ನಿಲ್ಲಬೇಕು?

ಲಾಸ್ ಏಂಜಲೀಸಿನ ಗ್ರಿಫಿತ್ ವೀಕ್ಷಣಾಲಯದಲ್ಲಿ. ಪ್ರವೇಶ ಉಚಿತ, ದೂರದರ್ಶಕವೂ ಉಂಟು. ಫಲಕಕ್ಕಿಂತ ಆ ಕಟ್ಟಡವೇ ಚೆನ್ನ.

ಶಾಕಾಹಾರಿಗಳು ಊಟಕ್ಕೆ ಏನು ಮಾಡಬೇಕು?

ನಗರಗಳಲ್ಲಿ ತೊಂದರೆ ಇಲ್ಲ. ಉದ್ಯಾನಗಳ ಒಳಗೆ ಮಾತ್ರ ಆಯ್ಕೆ ಕಡಿಮೆ. ಹೊರಡುವ ಹಿಂದಿನ ದಿನ ಇಂಡಿಯನ್ ಸ್ಟೋರಿಗೆ ಹೋಗಿ ಅವಲಕ್ಕಿ, ಚಟ್ನಿಪುಡಿ, ಮೊಸರು ತೆಗೆದುಕೊಳ್ಳಿ. ಮೆಕ್ಸಿಕನ್ ಹೋಟೆಲಿನಲ್ಲಿ ಅನ್ನ, ಕಾಳು ಸಿಗುತ್ತದೆ. ಕಾಳಿಗೆ ಹಂದಿ ಕೊಬ್ಬು ಹಾಕಿದ್ದೀರಾ ಅಂತ ಒಂದು ಮಾತು ಕೇಳಿ, ತರಕಾರಿ ಸೂಪಿಗೂ ಕೋಳಿ ಸಾರು ಬಳಸುವುದುಂಟು.

ವಿದೇಶಿಯರಿಗೆ ಉದ್ಯಾನದ ದರ ಏರಿದೆಯಂತೆ?

ಹೌದು, 2026ರ ಜನವರಿ 1ರಿಂದ. ಅಮೆರಿಕಾದ ನಿವಾಸಿಗಳಿಗೆ ವರ್ಷದ ಪಾಸ್ 80 ಡಾಲರ್, ಉಳಿದವರಿಗೆ 250. ಪಾಸ್ ಇಲ್ಲದ ವಿದೇಶಿಯರು ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್, ಯೊಸೆಮಿಟಿ ಸೇರಿ 11 ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಕೊಡಬೇಕು, 16 ವರ್ಷ ತುಂಬಿದ್ದರೆ. ಎರಡು ಮೂರು ಉದ್ಯಾನ ನೋಡುವ ದಂಪತಿಗೆ ಪಾಸ್ ಲಾಭ. ಮಕ್ಕಳ ಪಾಸಿನಲ್ಲಿ ಅಪ್ಪ ಅಮ್ಮನೂ ಒಳಗೆ ಹೋಗಬಹುದು ಅಂತ ನಂಬಿಕೊಂಡು ಗೇಟಿನವರೆಗೆ ಹೋಗಬೇಡಿ, ನ್ಯಾಷನಲ್ ಪಾರ್ಕ್ ಸರ್ವೀಸಿನ ವೆಬ್‌ಸೈಟ್ ಓದಿಕೊಂಡು ಹೊರಡಿ.

ಟಿಕೆಟ್ ಎಲ್ಲಿ ಕೊಳ್ಳಬೇಕು?

ಉದ್ಯಾನ ಅಥವಾ ಸ್ಮಾರಕದ ಅಧಿಕೃತ ವೆಬ್‌ಸೈಟಿನಿಂದಲೇ. ಲಿಬರ್ಟಿ ದ್ವೀಪದಲ್ಲಿ ಇಳಿಸುವ ಪರವಾನಗಿ ಇರುವುದು ಸ್ಟ್ಯಾಚ್ಯೂ ಸಿಟಿ ಕ್ರೂಸಸ್ ದೋಣಿಗೆ ಮಾತ್ರ. ದೋಣಿ ಹೊರಡುವ ಬ್ಯಾಟರಿ ಪಾರ್ಕಿನ ಹತ್ತಿರ ರಸ್ತೆಯಲ್ಲಿ ನಿಂತು ಮಾರುವವರ ಟಿಕೆಟ್ ಹೆಚ್ಚಾಗಿ ಬೇರೆ ದೋಣಿಯದ್ದು, ಪ್ರತಿಮೆಯ ಸುತ್ತ ಒಂದು ಸುತ್ತು ಹಾಕಿಸಿ ವಾಪಸ್ ಕರೆತರುತ್ತದೆ. ಕಿರೀಟ, ಆಲ್ಕಟ್ರಾಜ್, ಉದ್ಯಾನದೊಳಗಿನ ಕೋಣೆಗಳು, ಈ ಮೂರನ್ನು ವಿಮಾನದ ಟಿಕೆಟ್ ಮಾಡಿಸಿದ ವಾರದಲ್ಲೇ ಬುಕ್ ಮಾಡಿ.